ಬಾಗಿಲು ಮುಚ್ಚಿಕೊಳ್ಳೋಕೆ ಆಗುತ್ತಾ?

ವೀಲ್‌ಚೇರಿನಲ್ಲಿ ಒಳಗೆ ಹೋದವರು ತಾವೇ ಬಾಗಿಲು ಮುಚ್ಚಿ ಚಿಲಕ ಹಾಕಿಕೊಳ್ಳೋಕೆ ಆಗುತ್ತಾ? ವಿಕಲಚೇತನರ ಶೌಚಾಲಯ ಅಂತ ಯಾರು ಏನು ತೋರಿಸಿದರೂ ನಾನು ಮೊದಲು ನೋಡುವುದು ಇದನ್ನೇ. ನೀಲಿ ಬೋರ್ಡ್ ಇರುತ್ತದೆ, ಫಳಫಳ ಹೊಳೆಯುವ ಸ್ಟೀಲ್ ಹಿಡಿಕೆ ಇರುತ್ತದೆ, ಒಳ್ಳೆಯ ಕಂಪನಿಯ ಕಮೋಡೂ ಇರುತ್ತದೆ. ಆದರೆ ಬಾಗಿಲು ಒಳಕ್ಕೆ ತೆರೆಯುತ್ತದೆ. ವೀಲ್‌ಚೇರ್ ಒಳಗೆ ಹೋದ ಮೇಲೆ ಬಾಗಿಲು ಅದರ ಹಿಂದಿನ ಚಕ್ರಕ್ಕೆ ತಗುಲಿ ಅರ್ಧಕ್ಕೇ ನಿಲ್ಲುತ್ತದೆ. ಜೊತೆಗೆ ಬಂದ ಹೆಂಡತಿಯೋ ತಮ್ಮನೋ ಬಾಗಿಲಿಗೆ ಅಡ್ಡ ನಿಂತು, ಬೆನ್ನು ತಿರುಗಿಸಿ ಕಾಯಬೇಕು. ಜೊತೆಗೆ ಯಾರೂ ಬಂದಿಲ್ಲ ಅಂದರೆ ತಡೆದುಕೊಂಡು ವಾಪಸ್ ಮನೆಗೆ.

ಹೊರಕ್ಕೆ ತೆರೆಯುವ ಬಾಗಿಲಿಗೆ ಒಂದು ರೂಪಾಯಿಯೂ ಜಾಸ್ತಿ ಖರ್ಚಾಗುವುದಿಲ್ಲ. ಅದೇ ಚೌಕಟ್ಟು, ಅದೇ ಕೀಲು. ಹಾಗಿದ್ದೂ ಇದು ತಪ್ಪುವುದು ಯಾಕೆ ಅಂದರೆ, ಪ್ಲಾನ್ ಬರೆದವರು, ಪಾಸ್ ಮಾಡಿದವರು, ಕಟ್ಟಿದವರು, ಬಿಲ್ ಪಾಸ್ ಮಾಡಿದವರು, ಇಷ್ಟೂ ಜನರಲ್ಲಿ ಒಬ್ಬರೂ ಒಂದು ಸಲ ವೀಲ್‌ಚೇರಿನಲ್ಲಿ ಕೂತು ಆ ಕೋಣೆಗೆ ಹೋಗಿ ಬಂದಿರುವುದಿಲ್ಲ.

ನಾನು ಬೆಂಗಳೂರಿನಲ್ಲಿ ಆರ್ಕಿಟೆಕ್ಟ್. ಮನೆ, ಕ್ಲಿನಿಕ್, ಸಣ್ಣ ಆಫೀಸು, ಹಳೇ ಮನೆಗಳ ರಿಪೇರಿ, ಇಂಥ ಕೆಲಸಗಳು. ನಮ್ಮ ದೊಡ್ಡಮ್ಮನ ಮಗನಿಗೆ ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಬನಶಂಕರಿಯಲ್ಲಿ ಇರುತ್ತಾನೆ, ಲೆಕ್ಕಪತ್ರದ ಕೆಲಸ ಮಾಡುತ್ತಾನೆ, ಕೈಯಿಂದ ಓಡಿಸುವ ಹಾಗೆ ಮಾಡಿಸಿಕೊಂಡ ಕಾರಿನಲ್ಲಿ ಊರೆಲ್ಲ ಸುತ್ತುತ್ತಾನೆ. ಶೌಚಾಲಯದ ವಿಷಯದಲ್ಲಿ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ನಾನು ಕಲಿತದ್ದು ಅವನಿಂದ. ಯಾವ ಡ್ರಾಯಿಂಗ್ ತೋರಿಸಿದರೂ ಅವನ ಮೊದಲ ಮಾತು ಒಂದೇ: "ಅಳತೆ ಆಮೇಲೆ ಹೇಳು ಕಣೇ. ನಾನೊಬ್ಬನೇ ಹೋಗಿ ಒಬ್ಬನೇ ಬರಬಹುದಾ?"

ಈ ಪ್ರಶ್ನೆಗೆ ಎಷ್ಟು ತೂಕ ಇದೆ ಅಂತ ತಿಳಿಯಬೇಕಾದರೆ ಬೆನ್ನುಹುರಿಗೆ ಪೆಟ್ಟಾದವರ ದಿನ ಹೇಗಿರುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ಅವರಲ್ಲಿ ಹೆಚ್ಚಿನವರಿಗೆ ಮೂತ್ರ ಬಂದಿದೆ ಅಂತ ನಮಗೆ ಗೊತ್ತಾಗುವ ಹಾಗೆ ಗೊತ್ತಾಗುವುದಿಲ್ಲ, ತಾನಾಗಿ ಹೋಗುವುದೂ ಇಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ಕ್ಯಾಥೆಟರ್ ಅನ್ನುವ ತೆಳು ನಳಿಕೆ ಹಾಕಿ ಮೂತ್ರಕೋಶ ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಕೈ ತೊಳೆಯಬೇಕು, ಸಾಮಾನು ಇಡಲು ಒಣಗಿದ ಜಾಗ ಬೇಕು, ಬೆಳಕು ಬೇಕು, ಬಾಗಿಲು ಮುಚ್ಚಿರಬೇಕು. ಸಮಯ ಮೀರಿದರೆ ಸೋಂಕು, ಮತ್ತೆ ಮತ್ತೆ ಸೋಂಕಾದರೆ ಕಿಡ್ನಿಗೆ ಪೆಟ್ಟು. ಪೆಟ್ಟು ಕುತ್ತಿಗೆ ಅಥವಾ ಬೆನ್ನಿನ ಮೇಲ್ಭಾಗದಲ್ಲಿ ಆಗಿದ್ದರೆ ಇನ್ನೂ ಕಷ್ಟ. ಮೂತ್ರಕೋಶ ತುಂಬಿ ನಿಂತರೆ ಸಾಕು, ಬಿಪಿ ಒಮ್ಮೆಲೇ ಏರಿ ಜೀವಕ್ಕೇ ಅಪಾಯ ಆಗಬಹುದು. ಹಾಗಾಗಿ ಎಲ್ಲರೂ ಕಂಡುಕೊಂಡಿರುವ ಉಪಾಯ ಅಂದರೆ ನೀರು ಕುಡಿಯದೇ ಇರುವುದು. ಯಾರದಾದರೂ ಮದುವೆಗೆ ಹೋಗುವ ದಿನ ಅಣ್ಣ ಬೆಳಗ್ಗೆಯಿಂದ ಕಾಫಿ ಮುಟ್ಟುವುದಿಲ್ಲ. ಊಟಕ್ಕೆ ಕೂತಾಗ ಸಾರು, ಮಜ್ಜಿಗೆ ಎರಡಕ್ಕೂ ಕೈ ಅಡ್ಡ ಇಡುತ್ತಾನೆ. ಬಡಿಸುವವರು "ಸ್ವಲ್ಪ ಹಾಕಿಸ್ಕೊಳ್ಳಿ ಸಾರ್" ಅಂತ ಒತ್ತಾಯ ಮಾಡುತ್ತಾರೆ, ಇವನು ನಗುತ್ತಾ ಬೇಡ ಅನ್ನುತ್ತಾನೆ. ನೀರು ಕಮ್ಮಿ ಕುಡಿದರೂ ಸೋಂಕೇ. ಅಂದರೆ ಶೌಚಾಲಯ ಸರಿ ಇಲ್ಲದ ಊರಲ್ಲಿ ಅವನಿಗೆ ಯಾವ ಕಡೆಯಿಂದಲೂ ಬಿಡುಗಡೆ ಇಲ್ಲ.

ಈಗ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ನಡೆಯುವವರಾದ ನಾವು ಯಾವತ್ತೂ ಯೋಚಿಸಿರದ ಕೆಲಸ ಇದು. ಅವನು ಕಮೋಡಿನ ಪಕ್ಕಕ್ಕೆ ವೀಲ್‌ಚೇರ್ ತಂದು ನಿಲ್ಲಿಸುತ್ತಾನೆ, ಪಕ್ಕಕ್ಕೆ ಅಂದರೆ ಎರಡು ಕುರ್ಚಿ ಅಂಟಿಕೊಂಡ ಹಾಗೆ. ಬ್ರೇಕ್ ಹಾಕುತ್ತಾನೆ. ಪಾದ ಇಡುವ ತಟ್ಟೆಯನ್ನು ಮಡಚಿ ಕಾಲು ಕೆಳಗಿಡುತ್ತಾನೆ. ಕಮೋಡಿನ ಕಡೆಯ ಕೈಯಾಸರೆಯನ್ನು ಕಳಚುತ್ತಾನೆ. ಒಂದು ಕೈ ಕಮೋಡಿನ ಆಚೆಯ ಗೋಡೆಯ ಹಿಡಿಕೆಗೆ, ಇನ್ನೊಂದು ವೀಲ್‌ಚೇರಿನ ಸೀಟಿಗೆ. ಇಡೀ ಮೈಯನ್ನು ಎರಡು ತೋಳಿನಲ್ಲಿ ಎತ್ತಿ, ಸೊಂಟ ತಿರುಗಿಸಿ, ಆಚೆ ಕೂರುತ್ತಾನೆ. ಆ ಒಂದು ಕ್ಷಣ ಅವನ ಪೂರ್ತಿ ಭಾರ ಒಂದು ಸ್ಟೀಲ್ ಪೈಪಿನ ಮೇಲೆ.

ಇದಕ್ಕೆ ಕಮೋಡಿನ ಪಕ್ಕ ಮೂರು ಅಡಿ ಖಾಲಿ ಜಾಗ ಬೇಕು. ಈ ಮೂರು ಅಡಿಯ ಮೇಲೆ ಎಲ್ಲರಿಗೂ ಕಣ್ಣು. ಪ್ಲಂಬರ್ ಅಲ್ಲೇ ವಾಶ್ ಬೇಸಿನ್ ಕೂರಿಸಿರುತ್ತಾನೆ, ಮೇಂಟೆನೆನ್ಸಿನವರು ಅಲ್ಲೇ ಕಸದ ಡಬ್ಬ ಇಟ್ಟಿರುತ್ತಾರೆ, ಬಕೆಟ್ಟು, ಮಾಪು, ಫಿನಾಯಿಲ್ ಕ್ಯಾನು ಎಲ್ಲ ಅಲ್ಲೇ. ಡ್ರಾಯಿಂಗಿನಲ್ಲಿ ಖಾಲಿ ಜಾಗ ಅಂದರೆ ಸುಮ್ನೆ ಬಿದ್ದಿರುವ ಜಾಗ ಅಂತ ಓದಿಕೊಳ್ಳುತ್ತಾರೆ. ನಾನೀಗ ಆ ಜಾಗದಲ್ಲಿ ವೀಲ್‌ಚೇರಿನ ಚಿತ್ರವನ್ನೇ ಬರೆದು ಕೊಡುತ್ತೇನೆ.

ಎತ್ತರವೂ ಅಷ್ಟೇ ಮುಖ್ಯ. ನಮ್ಮ ಅಂಗಡಿಗಳಲ್ಲಿ ಸಿಗುವ ಮಾಮೂಲಿ ಕಮೋಡ್ ಹದಿನೈದು, ಹದಿನಾರು ಇಂಚು ಎತ್ತರ. ವೀಲ್‌ಚೇರಿನ ಸೀಟು ಅದಕ್ಕಿಂತ ಮೂರು ನಾಲ್ಕು ಇಂಚು ಮೇಲೆ. ಇಳಿಯುವುದು ಸುಲಭ, ವಾಪಸ್ ಬರುವಾಗ ಅದೇ ನಾಲ್ಕು ಇಂಚನ್ನು ಬರೀ ತೋಳಿನಲ್ಲಿ ಹತ್ತಬೇಕು. ಅದಕ್ಕೇ ಸೀಟಿನ ಎತ್ತರ 450ರಿಂದ 480 ಮಿಲಿಮೀಟರ್ ಇರಬೇಕು ಅನ್ನುವುದು. ಮಂಡಿನೋವಿನ ಅಜ್ಜಿಯಂದಿರಿಗೂ ಇದೇ ಎತ್ತರ ಹಾಯಾಗಿರುತ್ತದೆ, ಬೇಕಾದರೆ ಕೇಳಿ ನೋಡಿ.

ಇನ್ನೊಂದು ಸಣ್ಣ ವಿಷಯ, ಯಾವ ಮಾರ್ಗಸೂಚಿಯೂ ನಿಮ್ಮ ಬದಲಿಗೆ ಬಂದು ನೋಡಿಕೊಳ್ಳುವುದಿಲ್ಲ. ಕಮೋಡಿನ ಪ್ಲಾಸ್ಟಿಕ್ ಸೀಟನ್ನು ಹಿಂದೆ ಎರಡು ಬೋಲ್ಟ್ ಹಿಡಿದಿರುತ್ತವೆ. ದಿನಾ ಬಳಸಿ ಬಳಸಿ ಅವು ಸಡಿಲವಾಗುತ್ತವೆ. ನಾವು ನೇರವಾಗಿ ಕೂರುವವರು, ನಮಗೆ ಗೊತ್ತೇ ಆಗುವುದಿಲ್ಲ. ಪಕ್ಕದಿಂದ ಜಾರಿ ಬಂದು ಕೂರುವವರ ಭಾರಕ್ಕೆ ಸೀಟು ಅಡ್ಡಡ್ಡ ಸರಿದುಬಿಡುತ್ತದೆ. ಬಿದ್ದರೆ ಒಂದು ಕಥೆ, ಬೀಳದೆ ಬರೀ ತರಚಿದರೂ ಕಥೆಯೇ. ಸ್ಪರ್ಶ ಇಲ್ಲದ ಚರ್ಮ, ಗಾಯ ಆಗಿದ್ದು ಗೊತ್ತಾಗುವುದಿಲ್ಲ, ಅದು ಹುಣ್ಣಾಗಿ ತಿಂಗಳುಗಟ್ಟಲೆ ಬೋರಲು ಮಲಗಬೇಕಾಗುತ್ತದೆ. ಎರಡು ಬೋಲ್ಟ್ ಬಿಗಿ ಮಾಡದೇ ಇದ್ದದ್ದಕ್ಕೆ ಒಬ್ಬ ಮನುಷ್ಯನ ಮೂರು ತಿಂಗಳ ಸಂಬಳ ಹೋಗಬಹುದು. ನಿಮ್ಮ ಆಫೀಸಿನಲ್ಲಿ ಇಂಥ ಶೌಚಾಲಯ ಇದ್ದರೆ ಸೀಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಅಷ್ಟು ಮಾಡಿದರೂ ಉಪಕಾರ.

ಹಿಡಿಕೆಗಳ ವಿಷಯಕ್ಕೆ ಬಂದರೆ ನಮ್ಮ ಗೋಡೆಗಳ ವಿಷಯಕ್ಕೂ ಬರಬೇಕು. ಬಾತ್‌ರೂಮಿನ ಒಳಗೋಡೆ ನಾಲ್ಕು ಇಂಚಿನದು, ಎಷ್ಟೋ ಕಡೆ ಒಳಗೆ ಟೊಳ್ಳಿರುವ ಹಾಲೋ ಬ್ಲಾಕು. ಡ್ರಿಲ್ ಮಾಡಿ ಪ್ಲಾಸ್ಟಿಕ್ ಪ್ಲಗ್ ತೂರಿಸಿ ಸ್ಕ್ರೂ ತಿರುಗಿಸಿದರೆ ಆಯಿತು ಅಂತ ಕೆಲಸದವರು ಅಂದುಕೊಂಡಿರುತ್ತಾರೆ. ಜಯನಗರದ ಒಂದು ಮನೆಯಲ್ಲಿ ಮೇಸ್ತ್ರಿ ನನಗೆ ಹೇಳಿದ್ದು ಇದು: "ಟವಲ್ ರಾಡ್ ತರಾನೇ ಅಲ್ವಾ ಮೇಡಂ, ಹತ್ತು ನಿಮಿಷದ ಕೆಲಸ." ನಾನು ಒಂದು ಸ್ಟೂಲ್ ಹಾಕಿಸಿ, "ಕೂತ್ಕೊಳ್ಳಿ ಮೇಸ್ತ್ರಿ, ಈಗ ಕಾಲಿಗೆ ಸ್ವಲ್ಪಾನೂ ಬಲ ಕೊಡದೆ ಈ ರಾಡ್ ಹಿಡಿದು ಏಳಿ ನೋಡೋಣ" ಅಂದೆ. ಅವರು ಎರಡು ಸಲ ಎಳೆದರು. ಪ್ಲಗ್ಗಿನ ಸುತ್ತ ಸಿಮೆಂಟ್ ಪುಡಿ ಉದುರಿತು. ಮಾತಾಡದೆ ಎದ್ದು ಹೋಗಿ ಗೋಡೆಯ ಆ ಭಾಗ ಒಡೆದು, ಗಟ್ಟಿ ಬ್ಲಾಕ್ ಕೂರಿಸಿ, ಕಾಂಕ್ರೀಟ್ ತುಂಬಿ, ಮಾರನೇ ವಾರ ಗಟ್ಟಿ ಅಂಟು ತುಂಬಿ ಬೋಲ್ಟ್ ಹಿಡಿಸುವ ಕೆಮಿಕಲ್ ಆಂಕರ್ ಹಾಕಿ ಹಿಡಿಕೆ ಕೂರಿಸಿದರು. ಆ ಮೇಸ್ತ್ರಿ ಈಗ ಬೇರೆ ಸೈಟಿನಲ್ಲೂ ತಾವೇ ಮುಂದಾಗಿ ಸ್ಟೂಲ್ ತರಿಸುತ್ತಾರೆ. ನನಗೆ ಅವರ ಮೇಲೆ ತುಂಬಾ ಗೌರವ.

ಹಿಡಿಕೆಯ ಪೈಪು ಮುಷ್ಟಿಯಲ್ಲಿ ಹಿಡಿಸುವಷ್ಟೇ ದಪ್ಪ ಇರಬೇಕು, 30ರಿಂದ 40 ಮಿಲಿಮೀಟರ್. ಗೋಡೆಗೂ ಅದಕ್ಕೂ ನಡುವೆ ಬೆರಳು ಹೋಗುವಷ್ಟು ಜಾಗ ಇರಬೇಕು, ಆದರೆ ಮೊಣಕೈ ತೂರಿ ಸಿಕ್ಕಿಹಾಕಿಕೊಳ್ಳುವಷ್ಟು ಇರಬಾರದು. ಗೋಡೆಯ ಕಡೆ ಒಂದು ಅಲ್ಲಾಡದ ಹಿಡಿಕೆ, ಖಾಲಿ ಜಾಗದ ಕಡೆ ಮೇಲಕ್ಕೆ ಮಡಚುವಂಥದ್ದು. ಈ ಎರಡನೆಯದನ್ನೂ ಮಡಚಲಾಗದ ಹಾಗೆ ಹಾಕಿಬಿಟ್ಟರೆ ವೀಲ್‌ಚೇರಿಗೂ ಕಮೋಡಿಗೂ ನಡುವೆ ಬೇಲಿ ಹಾಕಿದ ಹಾಗೆ. ಎರಡು ಕಡೆಯೂ ಹಿಡಿಕೆ ಇದೆ, ತುಂಬಾ ಚೆನ್ನಾಗಿ ಮಾಡಿದ್ದೀವಿ ಅಂತ ಖುಷಿಯಿಂದ ತೋರಿಸುವವರನ್ನು ನೋಡಿದ್ದೇನೆ, ಪಾಪ ಅವರ ಮನಸ್ಸು ಒಳ್ಳೆಯದೇ.

ನಮ್ಮ ಊರಿನದೇ ಒಂದು ಸಮಸ್ಯೆ ಇದೆ, ಅದು ನೀರು. ಹೊರದೇಶದ ಪುಸ್ತಕಗಳೆಲ್ಲ ಒಣಗಿದ ಬಾತ್‌ರೂಮನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. ನಾವು ನೀರಲ್ಲೇ ತೊಳೆಯುವವರು, ನೆಲಕ್ಕೂ ನೀರು ಹಾಕುವವರು. ಆ ನೀರು ಹಾಲಿಗೆ ಬರಬಾರದು ಅಂತ ಬಾತ್‌ರೂಮಿನ ನೆಲವನ್ನು ತಗ್ಗಿಸುತ್ತೇವೆ, ಬಾಗಿಲಿಗೆ ಗ್ರಾನೈಟಿನ ಹೊಸ್ತಿಲು ಕೂರಿಸುತ್ತೇವೆ. ಒಂದೂವರೆ ಇಂಚು ಅಷ್ಟೇ, ನಾವು ದಾಟಿದ್ದೇ ಗೊತ್ತಾಗುವುದಿಲ್ಲ. ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರಕ್ಕೆ ಅದು ಗೋಡೆ. ನಾನು ಕಂಡುಕೊಂಡ ದಾರಿ ಅಂದರೆ ಹೊಸ್ತಿಲನ್ನು ತೆಗೆದು, ಅದೇ ಜಾಗದಲ್ಲಿ ಬಾಗಿಲ ಅಗಲಕ್ಕೂ ಉದ್ದನೆಯ ಜಾಲರಿ ಚರಂಡಿ ಕೊಡುವುದು, ನೆಲದ ವಾಟವನ್ನು ಕಮೋಡಿನ ಮೂಲೆಗೆ ತಿರುಗಿಸುವುದು. ಟೈಲ್ಸ್ ಒರಟಾಗಿರಬೇಕು. ನೆಲ ಒದ್ದೆಯಾದರೆ ಚಕ್ರ ಒದ್ದೆ, ಚಕ್ರ ತಳ್ಳುವ ಅಂಗೈ ಒದ್ದೆ, ಆ ಕೈಯಲ್ಲಿ ಹಿಡಿಕೆ ಹಿಡಿದರೆ ಜಾರುತ್ತದೆ. ತೊಳೆದುಕೊಳ್ಳುವ ಕೈ ಪೈಪು, ಅಂದರೆ ಹೆಲ್ತ್ ಫಾಸೆಟ್, ಎಲ್ಲಿದೆ ಅನ್ನುವುದನ್ನೂ ನೋಡಬೇಕು. ಹಿಂದಿನ ಗೋಡೆಯಲ್ಲಿ ಹಾಕಿದರೆ ಅದನ್ನು ಹಿಡಿಯಲು ಸೊಂಟ ತಿರುಗಿಸಬೇಕು, ಸೊಂಟದ ಹತೋಟಿ ಇಲ್ಲದವರು ಬೀಳುತ್ತಾರೆ. ಗೋಡೆಯ ಹಿಡಿಕೆಯ ಕೆಳಗೆ, ಕೂತಾಗ ಕೈ ಇಳಿಬಿಟ್ಟರೆ ಸಿಗುವ ಹಾಗೆ ಇರಲಿ. ಫ್ಲಶ್ಶೂ ಕೈಗೆ ಸಿಗುವ ಕಡೆ.

ಇದಕ್ಕೆಲ್ಲ ಎಷ್ಟು ಜಾಗ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಾರ್ವಜನಿಕ ಕಟ್ಟಡಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುವುದು ಸುಮಾರು 2.2 ಮೀಟರ್‌ಗೆ 2 ಮೀಟರ್, ಬಾಗಿಲು ತೆರೆದಾಗ 900 ಮಿಲಿಮೀಟರ್ ದಾರಿ ಸಿಗಬೇಕು. ಅಂದರೆ ಏಳೂಕಾಲು ಅಡಿಗೆ ಆರೂವರೆ ಅಡಿ. ಬೆಂಗಳೂರಿನ ಮನೆಗಳಲ್ಲಿ ಬಾತ್‌ರೂಮಿಗೆ ಎರಡೂವರೆ ಅಡಿ ಬಾಗಿಲು ಇಡುವುದೇ ರೂಢಿ, ಚೌಕಟ್ಟು ಕಳೆದರೆ ಉಳಿಯುವುದು ಇನ್ನೂ ಕಮ್ಮಿ. ವೀಲ್‌ಚೇರ್ ತೂರುವುದೇ ಇಲ್ಲ, ಇಲ್ಲವೇ ಬೆರಳಿನ ಗೆಣ್ಣು ತರಚಿಕೊಂಡು ತೂರುತ್ತದೆ.

ಅಮೆರಿಕದ ಆರ್ಕಿಟೆಕ್ಟ್ ರೊನಾಲ್ಡ್ ಮೇಸ್ ಚಿಕ್ಕವರಿದ್ದಾಗಲೇ ಪೋಲಿಯೊ ಆಗಿ ವೀಲ್‌ಚೇರ್ ಬಳಸುತ್ತಿದ್ದವರು. ಓದುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಅವರ ವೀಲ್‌ಚೇರ್ ಶೌಚಾಲಯದ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಎಲ್ಲರಿಗೂ ಒಗ್ಗುವ ವಿನ್ಯಾಸ ಅನ್ನುವ ಯೋಚನೆಯನ್ನು ಮುಂದೆ ಯೂನಿವರ್ಸಲ್ ಡಿಸೈನ್ ಅಂತ ಹೆಸರಿಟ್ಟು ಬೆಳೆಸಿದವರು ಅವರೇ. ನಮ್ಮಲ್ಲೂ ಹಾಗೆಯೇ, ಬೆಂಗಳೂರಿನ ಲಿಂಗರಾಜಪುರದಲ್ಲಿ ವಿಕಲಚೇತನರಿಗಾಗಿ ಕೆಲಸ ಮಾಡುವ ಎಪಿಡಿ ಸಂಸ್ಥೆಯನ್ನು 1959ರಲ್ಲಿ ಶುರು ಮಾಡಿದವರು ಪೋಲಿಯೊ ಆಗಿದ್ದ ಎನ್.ಎಸ್. ಹೇಮಾ. ತೊಂದರೆ ಉಂಡವರ ಕೈಗೆ ಡ್ರಾಯಿಂಗ್ ಕೊಟ್ಟರೆ ತಪ್ಪು ಪೇಪರಿನಲ್ಲೇ ಸಿಗುತ್ತದೆ. ಕಟ್ಟಿದ ಮೇಲೆ ತಪ್ಪು ಹುಡುಕುವ ಆಡಿಟ್‌ಗೆ ಕರೆಯುವುದಕ್ಕಿಂತ ಅದು ಎಷ್ಟೋ ಅಗ್ಗ.

ಕಾನೂನು ಇಲ್ಲ ಅಂತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿದೆ. ನಿಯಮ ಪಾಲಿಸದ ಪ್ಲಾನಿಗೆ ಅನುಮತಿ ಕೊಡುವ ಹಾಗಿಲ್ಲ, ಕಟ್ಟಿ ಮುಗಿಸಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಮಾಡಲು ಐದು ವರ್ಷ ಕೊಟ್ಟಿದ್ದರು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರಲ್ಲಿ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾರ್ಗಸೂಚಿಗಳನ್ನು ಇಷ್ಟ ಇದ್ದರೆ ಪಾಲಿಸಿ ಅನ್ನುವ ಹಾಗೆ ಬಿಟ್ಟರೆ ಆಗಲ್ಲ, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ದೃಷ್ಟಿದೋಷ ಇರುವ ರತೂರಿ ಅರ್ಜಿ ಹಾಕಿದ್ದು 2005ರಲ್ಲಿ. 2025ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು, ದೇಶದ ಎಲ್ಲ ಕೋರ್ಟುಗಳಲ್ಲೂ ಗಂಡಸರು, ಹೆಂಗಸರು, ವಿಕಲಚೇತನರು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಎಲ್ಲರಿಗೂ ಶೌಚಾಲಯ ಇರಬೇಕು ಅಂತ. ನ್ಯಾಯ ಕೇಳಲು ಹೋಗುವ ಜಾಗದಲ್ಲೇ ಶೌಚಾಲಯ ಕಟ್ಟಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದ್ದಾರೆ. ಇಷ್ಟು ಜನ ನಮ್ಮ ರಸ್ತೆ, ಮಾರ್ಕೆಟ್ಟು, ಛತ್ರಗಳಲ್ಲಿ ಯಾಕೆ ಕಾಣುತ್ತಿಲ್ಲ ಅಂತ ಕೇಳಿದರೆ ನನ್ನ ಉತ್ತರದಲ್ಲಿ ಶೌಚಾಲಯಕ್ಕೆ ದೊಡ್ಡ ಪಾಲಿದೆ.

ಕಟ್ಟಿದ ಮೇಲೆ ಬೀಗದ ಕಾಟ. ಒಂದು ಸರ್ಕಾರಿ ಕಚೇರಿಯಲ್ಲಿ ಕೀ ಇದ್ದವರು ಊಟಕ್ಕೆ ಹೋಗಿದ್ದರು, ಅಣ್ಣ ಮುಕ್ಕಾಲು ಗಂಟೆ ಕಾದ. ಬಾಗಿಲು ತೆಗೆದಾಗ ಒಳಗೆ ಹಳೇ ಫೈಲು, ಮುರಿದ ಫ್ಯಾನು. ಎಲ್ಲರೂ ಹೋಗಿ ಗಲೀಜು ಮಾಡುತ್ತಾರೆ ಅಂತ ಬೀಗ ಹಾಕುತ್ತೇವೆ ಅನ್ನುತ್ತಾರೆ. ಗಲೀಜಾದರೆ ತೊಳೆಸಬೇಕು, ಅದಕ್ಕೆ ಜನ ಇಡಬೇಕು.

ಇಷ್ಟು ಹೊತ್ತೂ ವೀಲ್‌ಚೇರ್ ಅಂತಲೇ ಹೇಳಿದೆ, ಆದರೆ ಬರೀ ವೀಲ್‌ಚೇರಿನವರ ಮಾತಲ್ಲ ಇದು. ನಮ್ಮ ಡಿಸೈನರ್‌ಗಳಿಗೆ ಬಿಳಿ ಅಂದರೆ ಪ್ರಾಣ. ಬಿಳಿ ಗೋಡೆ, ಬಿಳಿ ನೆಲ, ಬಿಳಿ ಕಮೋಡು, ಬಿಳಿ ಬೇಸಿನ್. ದೃಷ್ಟಿ ಮಂದ ಇರುವವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಕಮೋಡಿಗೆ ಕಪ್ಪೋ ನೀಲಿಯೋ ಸೀಟು ಹಾಕಿದರೆ ಮುಗಿಯಿತು. ಏನೂ ಕಾಣದವರಿಗೆ ಕೈ ಒಡ್ಡಿದರೆ ನೀರು ಬರುವ ಸೆನ್ಸರ್ ಕೊಳಾಯಿ ಎಲ್ಲಿದೆ ಅಂತ ಹುಡುಕುವುದೇ ಕಷ್ಟ, ಕೈಗೆ ತಾಗುವ ಉದ್ದ ಹಿಡಿಯ ಕೊಳಾಯಿ ಒಳ್ಳೆಯದು. ಕಿವಿ ಕೇಳದವರು ಒಳಗಿದ್ದಾಗ ಹೊರಗೆ ಎಷ್ಟು ತಟ್ಟಿದರೂ ಏನು ಬಂತು? ಚಿಲಕ ಹಾಕಿದರೆ ಹೊರಗೆ ಕೆಂಪು ಕಾಣುವಂಥದ್ದು ಸಾವಿರಾರು ಕಡೆ ಇದೆ, ಅದೇ ಸಾಕು. ಬೆಂಕಿಯ ಅಲಾರಮ್ಮಿಗೆ ಒಂದು ಮಿಂಚುವ ದೀಪವೂ ಬೇಕು. ಸಹಾಯಕ್ಕೆ ಒತ್ತುವ ಗುಂಡಿ ನೆಲದಿಂದ ಒಂದು ಅಡಿ ಎತ್ತರದಲ್ಲೂ ಒಂದಿರಬೇಕು, ಯಾಕೆಂದರೆ ಸಹಾಯ ಬೇಕಾಗುವುದು ಬಿದ್ದವರಿಗೆ.

ಮತ್ತೆ ತಾಯಂದಿರು. ಇಪ್ಪತ್ತು ವರ್ಷದ ಮಗ, ಮಾತು ಬರುವುದಿಲ್ಲ, ತಾನಾಗಿ ಹೋಗಲು ಬರುವುದಿಲ್ಲ. ಅಮ್ಮ ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ವಿಕಲಚೇತನರ ಶೌಚಾಲಯವನ್ನು ಗಂಡಸರ ಕಡೆ ಒಂದು, ಹೆಂಗಸರ ಕಡೆ ಒಂದು ಅಂತ ಒಳಗೆ ಅಡಗಿಸಿಟ್ಟರೆ ಅವಳು ಎಲ್ಲೂ ಹೋಗುವ ಹಾಗಿಲ್ಲ. ಬಾಗಿಲು ನೇರ ಪ್ಯಾಸೇಜಿಗೇ ತೆರೆಯಬೇಕು, ಯಾರು ಯಾರ ಜೊತೆ ಬೇಕಾದರೂ ಹೋಗುವ ಹಾಗೆ. ದೊಡ್ಡವರಾದ ಮಕ್ಕಳಿಗೆ ಡಯಾಪರ್ ಬದಲಿಸಬೇಕಾದವರು ಇವತ್ತು ಶೌಚಾಲಯದ ನೆಲದ ಮೇಲೇ ಬಟ್ಟೆ ಹಾಸಿ ಮಲಗಿಸುತ್ತಾರೆ. ಬ್ರಿಟನ್ನಿನಲ್ಲಿ 2006ರಲ್ಲಿ ಚೇಂಜಿಂಗ್ ಪ್ಲೇಸಸ್ ಅಂತ ಒಂದು ಅಭಿಯಾನ ಶುರುವಾಗಿ, ದೊಡ್ಡವರು ಮಲಗುವಷ್ಟು ಬೆಂಚು, ಎತ್ತಿ ಕೂರಿಸುವ ಯಂತ್ರ ಇರುವ ಕೋಣೆಗಳನ್ನು ಕಟ್ಟಿಸುತ್ತಾ ಬಂದಿದ್ದಾರೆ. ಯಂತ್ರ ಆಮೇಲೆ ಬರಲಿ. ಒಂದು ಗಟ್ಟಿ ಬೆಂಚು ಹಾಕೋಕೆ ನಮ್ಮ ದೊಡ್ಡ ಆಸ್ಪತ್ರೆಗಳಿಗೆ, ಬಸ್ ನಿಲ್ದಾಣಗಳಿಗೆ ಏನು ಅಡ್ಡಿ?

ಬಸವನಗುಡಿ ಕಡೆಯ ಒಂದು ಛತ್ರದ ಮಾಲೀಕರು ಹೋದ ತಿಂಗಳು ಫೋನ್ ಮಾಡಿದ್ದರು. ಅವರ ತಾಯಿಗೆ ಸ್ಟ್ರೋಕ್ ಆಗಿದೆ, ಮೊಮ್ಮಗಳ ಮದುವೆಗೆ ತಮ್ಮದೇ ಛತ್ರದಲ್ಲಿ ತಾಯಿಗೆ ಮದುವೆ ಮುಗಿಯುವವರೆಗೂ ಕೂರೋಕೆ ಆಗಲಿಲ್ಲವಂತೆ. ಹೋಗಿ ಅಳೆದು ಬಂದೆ, ಅಣ್ಣನೂ ಬಂದಿದ್ದ. ಊಟದ ಹಾಲಿನ ಪಕ್ಕದಲ್ಲಿರುವ ಎರಡು ಇಂಡಿಯನ್ ಟಾಯ್ಲೆಟ್‌ಗಳ ನಡುವಿನ ಗೋಡೆ ತೆಗೆದರೆ ಒಂದು ಒಳ್ಳೆಯ ಕೋಣೆ ಆಗುತ್ತದೆ. ಬಾಗಿಲು ಪ್ಯಾಸೇಜಿಗೆ ತೆರೆಯುತ್ತದೆ, ಬೇಸಿನ್ ಕೆಳಗೆ ಮಂಡಿ ಹೋಗುವಷ್ಟು ಜಾಗ ಸಿಗುತ್ತದೆ, ಬೆಂಚಿಗೂ ಜಾಗ ಇದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆಗ ಒಡೆಯೋಣ ಅಂದಿದ್ದಾರೆ. ಸ್ಟೂಲ್ ತರಿಸುವ ಮೇಸ್ತ್ರಿಗೇ ಕೆಲಸ ಒಪ್ಪಿಸಿದ್ದೇನೆ. ಟೈಲ್ಸ್ ಬಣ್ಣ ಒಂದು ಇನ್ನೂ ಬಾಕಿ ಇದೆ, ಮಾಲೀಕರಿಗೆ ಬಿಳಿಯೇ ಬೇಕಂತೆ, ಅದಕ್ಕೆ ಈ ಭಾನುವಾರ ಮತ್ತೆ ಹೋಗಿ ಅವರ ತಾಯಿಯ ಹತ್ತಿರವೇ ಕೂತು ಮಾತಾಡಬೇಕು.